ಇವರಲ್ಲಿ ಆ ದಿನ ಯಾರು ಬಂದಿರಲಿಲ್ಲ?

ತೀರಿಕೊಂಡ ಅಪ್ಪನನ್ನು ಮಗಳ ಮದುವೆಯ ಗ್ರೂಪ್ ಫೋಟೋದಲ್ಲಿ ನಿಲ್ಲಿಸಿಕೊಡಿ ಅಂತ ಎಲ್ಲ ಸ್ಟುಡಿಯೋಗಳಿಗೂ ಜನ ಬರುತ್ತಾರೆ. ಮಾಸ್ಕಿಂಗ್ (ಬೇಕಾದ ಭಾಗ ಮಾತ್ರ ಉಳಿಸಿಕೊಳ್ಳುವುದು), ಕರ್ವ್ಸ್ (ಬೆಳಕು, ಬಣ್ಣ ತಿದ್ದುವುದು) ಸ್ಟುಡಿಯೋದವರಿಗೆಲ್ಲ ಗೊತ್ತು. ಆದರೂ ಫ್ರೇಮ್ ಗೋಡೆ ಹತ್ತಿದ ಮೇಲೆ ಬಂದ ನೆಂಟರು ಒಂದೇ ನೋಟಕ್ಕೆ ‘ಇದು ಕೂರಿಸಿದ್ದು’ ಅಂದುಬಿಡುತ್ತಾರೆ. ಎಲ್ಲಿ ತಪ್ಪಿದೆ ಅಂತ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಅದನ್ನು ಹೇಳಿಸುವ ಒಂದು ದಾರಿ ನನಗೆ ಸಿಕ್ಕಿದೆ. ರಾಣೆಬೆನ್ನೂರಿನ ನನ್ನ ಜೊತೆಗಾರರು ‘ಬಸ್ಸಿಗೆ ಕಾಯೋರನ್ನ ಕೇಳಿ ಎಡಿಟಿಂಗ್ ಮಾಡ್ತಾನೆ’ ಅಂತ ನಕ್ಕಿದ್ದರು. ಈಗ ಅವರಲ್ಲೇ ಕೆಲವರು ಈ ಥರದ ಕೆಲಸ ಬಂದರೆ ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ನಾನೂ ಫೋಟೋಗ್ರಾಫರುಗಳಿಗೇ ತೋರಿಸುತ್ತಿದ್ದೆ. ಗೊತ್ತಿರುವವರು ‘ಸೂಪರ್’ ಅನ್ನುತ್ತಾರೆ, ಆಗದವರು ‘ಎಡ್ಜ್ ಸರಿ ಇಲ್ಲ’ ಅನ್ನುತ್ತಾರೆ. ಕಾಂಪೊಸಿಟ್, ಅಂದರೆ ಬೇರೆ ಬೇರೆ ಫೋಟೋ ಸೇರಿಸಿದ್ದು ಅಂತ ಮೊದಲೇ ಗೊತ್ತಿದ್ದರೆ ಕಣ್ಣು ಕೂದಲ ಅಂಚಿಗೇ ಹೋಗುತ್ತದೆ. ಅವರ ಮಾತು ಕೇಳಿ ಅಂಚು ತಿದ್ದುತ್ತಾ ರಾತ್ರಿಗಟ್ಟಲೆ ಕೂತಿದ್ದೇನೆ. ಫೋಟೋ ಎಳ್ಳಷ್ಟೂ ಮುಂದೆ ಹೋಗಲಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿ ಕೇಳುವುದಂತೂ ದಂಡ. ಅದು ಚಿತ್ರವನ್ನು ಕುಗ್ಗಿಸುವಾಗ ಗ್ರೇನ್ (ಫೋಟೋದಲ್ಲಿ ಕಾಣುವ ಸಣ್ಣ ಕಾಳುಕಾಳು) ವ್ಯತ್ಯಾಸವನ್ನೆಲ್ಲ ಒರೆಸಿ ಹಾಕುತ್ತದೆ. ಫೋನಿನಲ್ಲಿ ಎಲ್ಲವೂ ಚೆಂದ. 20×30 ಇಂಚಿನ ಕ್ಯಾನ್ವಾಸ್ ಬಂದಾಗ ಅಪ್ಪ ಒಬ್ಬರೇ ಕಟೌಟ್ ಥರ ನಿಂತಿರುತ್ತಾರೆ. ಅಂಥ ಒಂದು ಫ್ರೇಮ್ ವಾಪಸ್ ಬಂದು ಸುಮಾರು ಎರಡು ಸಾವಿರ ಕೈಬಿಟ್ಟಿತು.

ಈಗ ಮಾಡುವುದು ಇಷ್ಟೇ. 6×9ರ ಒಂದು ಪ್ರಿಂಟ್ ತೆಗೆಯುತ್ತೇನೆ, ಇಪ್ಪತ್ತು ರೂಪಾಯಿ ಆಸುಪಾಸು. ನನ್ನ ಸ್ಟುಡಿಯೋ ಬಸ್ ಸ್ಟ್ಯಾಂಡ್ ಹತ್ತಿರ ಇದೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಹತ್ತು ನಿಮಿಷ ಸುಮ್ನೆ ಕೂತಿರುತ್ತಾರೆ. ಅವರ ಕೈಗೆ ಪ್ರಿಂಟ್ ಕೊಟ್ಟು ಒಂದೇ ಪ್ರಶ್ನೆ: ‘ಇವರಲ್ಲಿ ಒಬ್ಬರು ಆ ದಿನ ಬಂದಿರಲಿಲ್ಲ, ಯಾರು ಹೇಳಿ?’ ಹೇಗಿದೆ ಅಂತ ಕೇಳುವುದೇ ಇಲ್ಲ. ಬೆರಳು ಎಲ್ಲಿಗೆ ಹೋಯಿತು ಅಂತ ಮಾತ್ರ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಅವರು ಕೊಡುವ ಕಾರಣ ಬೇಡ, ಅದು ಬೆರಳಿಟ್ಟ ಮೇಲೆ ಹುಟ್ಟಿದ್ದು. ಎಂಟು ಹತ್ತು ವಯಸ್ಸಿನ ಮಕ್ಕಳು ಈ ಕೆಲಸಕ್ಕೆ ಬಹಳ ಒಳ್ಳೆಯವರು. ನಿವೃತ್ತ ಮೇಷ್ಟ್ರುಗಳು ಬೇಡ, ಪಾಠ ಶುರು ಮಾಡುತ್ತಾರೆ. ಸ್ವಲ್ಪ ದಿನ ಉತ್ತರ ಹೇಳಿದವರಿಗೆ ಎರಡು ಕಾಪಿ ಜಾಸ್ತಿ ಕೊಟ್ಟು ನೋಡಿದೆ. ಕೊಟ್ಟ ಕೂಡಲೇ ಎಲ್ಲರೂ ಹೊಗಳಲು ಶುರು ಮಾಡಿದರು. ನಿಲ್ಲಿಸಿದೆ. ಮನೆಯವರ ಒಪ್ಪಿಗೆ ಇಲ್ಲದೆ ಅವರ ಫೋಟೋ ಹೀಗೆ ತೋರಿಸಬಾರದು ಅಲ್ವಾ? ಬೇಡ ಅಂದವರ ಕೆಲಸವನ್ನು ಹಳೆಯ ರೀತಿಯಲ್ಲೇ ಮಾಡಿಕೊಡುತ್ತೇನೆ, ಅದನ್ನು ಮೊದಲೇ ಹೇಳಿರುತ್ತೇನೆ.

ಒಂದು ತಮಾಷೆ ನೋಡಿ. ಏನೂ ತಿದ್ದದ ಗ್ರೂಪ್ ಫೋಟೋ ಒಂದನ್ನು ಇದೇ ಪ್ರಶ್ನೆಯ ಜೊತೆ ಕೊಟ್ಟೆ. ಆಗಲೂ ಜನ ಬೆರಳಿಟ್ಟರು! ಜಾಸ್ತಿ ಜನ ತೋರಿಸಿದ್ದು ಅಂಚಿನಲ್ಲಿ ನಿಂತಿದ್ದ ಸೋದರಮಾವನನ್ನು, ಆಮೇಲೆ ಬಿಳಿ ಅಂಗಿಯ ಒಬ್ಬ ಹುಡುಗನನ್ನು. ಅಂದರೆ ಒಂಬತ್ತು ಜನರ ಫೋಟೋದಲ್ಲಿ ಅಪ್ಪನ ಮೇಲೆ ಒಂದೂ ಬೆರಳು ಬೀಳಬಾರದು ಅಂತ ಹಟ ಹಿಡಿಯುವುದು ವ್ಯರ್ಥ. ಅಸಲಿ ಮನುಷ್ಯರ ಮೇಲೂ ಅಷ್ಟೋ ಇಷ್ಟೋ ಬೀಳುತ್ತದೆ. ಅಪ್ಪನ ಮೇಲೆ ಬೀಳುವುದು ಅದಕ್ಕಿಂತ ಹೆಚ್ಚಿರಬಾರದು, ಅಷ್ಟೇ. ಈ ಲೆಕ್ಕ ಸಿಕ್ಕ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಯಿತು. ಅದಕ್ಕೂ ಮುಂಚೆ ಒಂದೇ ಫೈಲ್ ವಾರಗಟ್ಟಲೆ ಎಳೆಯುತ್ತಿತ್ತು.

ಅದೇ ಸಮಯದಲ್ಲಿ ಕೈಯಲ್ಲಿದ್ದ ಒಂದು ಫೋಟೋ ಮಾತ್ರ ಬಗ್ಗಲಿಲ್ಲ. ಅದರಲ್ಲಿ ಅಪ್ಪನ ಮುಖ ತೆಗೆದುಕೊಂಡಿದ್ದು ಅವರ ಪಾಸ್‌ಪೋರ್ಟ್ ಫೋಟೋದಿಂದ. ಬಣ್ಣ ಹೊಂದಿಸಿದೆ, ಗ್ರೇನ್ ಹೊಂದಿಸಿದೆ, ಕಪ್ಪು ಎಷ್ಟು ಕಪ್ಪಿರಬೇಕು ಅನ್ನೋದನ್ನೂ ಪಕ್ಕದವರ ಕೋಟು ನೋಡಿ ಸರಿಮಾಡಿದೆ. ಬೆರಳು ಅಪ್ಪನ ಮೇಲೇ. ಶಾರ್ಪ್‌ನೆಸ್ ಕಮ್ಮಿ ಇರಬೇಕು ಅಂತ ಎಲ್ಲರೂ ಅಂದರು. ಅದೂ ಅಲ್ಲ. 12×18ರ ಗ್ರೂಪ್ ಪ್ರಿಂಟಿನಲ್ಲಿ ತಲೆಯ ಅಳತೆ ಹೆಚ್ಚುಕಮ್ಮಿ ಪಾಸ್‌ಪೋರ್ಟ್ ಫೋಟೋದಲ್ಲಿ ಇರುವಷ್ಟೇ. ಅಂದರೆ ಮುಖವನ್ನು ಹಿಗ್ಗಿಸುವುದೇ ಇಲ್ಲ, ಮಬ್ಬಾಗಲು ಕಾರಣವಿಲ್ಲ. ಕೊನೆಗೆ ಮುಖಗಳನ್ನು ಒಂದೊಂದಾಗಿ ಕತ್ತರಿಸಿ ಬೇರೆ ಬೇರೆ ತೋರಿಸಿದೆ. ಬೇರೆ ನೋಡಿದಾಗ ಅಪ್ಪ ಸರಿ ಇದ್ದರು, ಸಾಲಿನಲ್ಲಿ ಮಾತ್ರ ಇಲ್ಲ. ಆಗ ಹೊಳೆಯಿತು. ಪಾಸ್‌ಪೋರ್ಟ್ ಫೋಟೋ ತೆಗೆದಿದ್ದು ಒಂದು ಮೀಟರ್ ದೂರದಿಂದ. ಗ್ರೂಪ್ ತೆಗೆದಿದ್ದು ನಾಲ್ಕೈದು ಮೀಟರ್ ದೂರದಿಂದ. ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಫೋಟೋಶಾಪ್‌ನಲ್ಲಿ ಆಕಾರ ಎಳೆದು ತಿದ್ದುವ ಲಿಕ್ವಿಫೈನಲ್ಲಿ ಕಿವಿಗಳನ್ನು ಒಂಚೂರು ಹೊರಗೆ ಎಳೆದೆ, ಮೂಗನ್ನು ಒಂಚೂರು ಕುಗ್ಗಿಸಿದೆ. ಎಷ್ಟು ಅಂತ ಕೇಳಬೇಡಿ. ಮುಂದಿನ ಸುತ್ತಿನಲ್ಲಿ ಬೆರಳುಗಳು ಚದುರಿದವು. ಈ ವಿಷಯ ಒಬ್ಬ ಫೋಟೋಗ್ರಾಫರೂ ಹೇಳಿರಲಿಲ್ಲ, ಹೇಳಿದ್ದು ಬೆರಳು.

ಫೋಟೋಗ್ರಾಫರುಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಅವರಿಗೆ ಬೇರೆ ಕೆಲಸ ಕೊಡುತ್ತೇನೆ. ಕತ್ತರಿಸಿದ ಅದೇ ಮುಖಗಳ ಮೇಲೆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಪೆನ್ನಿನಲ್ಲಿ ಬಾಣ ಹಾಕಿಸುತ್ತೇನೆ. ಎಲ್ಲ ಬಾಣ ಒಂದು ಕಡೆ, ಅಪ್ಪನ ಬಾಣ ಇನ್ನೊಂದು ಕಡೆ ಹೋದರೆ ಮುಂದಿನದನ್ನು ಮುಟ್ಟುವ ಮುಂಚೆ ಅದನ್ನು ಸರಿಮಾಡಬೇಕು. ಹಳೆಯ ಫೋಟೋ ನೇರ ಫ್ಲ್ಯಾಶಿನದಾಗಿದ್ದರೆ ಬಾಣವೇ ಬರುವುದಿಲ್ಲ, ಮುಖ ಚಪ್ಪಟೆ. ಅಂಥ ಮುಖಕ್ಕೆ ಒಂದು ಕಡೆ ನೆರಳು ಕಟ್ಟಬೇಕು. ಗದ್ದದ ಕೆಳಗಿನ ನೆರಳನ್ನು ನಾನು ಹೇಗೆ ಕಟ್ಟುತ್ತೇನೆ ಅನ್ನೋದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಮನೆಯವರನ್ನು ಕೊನೆಗೆ ಕೇಳಿದರೆ ಕೆಲಸ ಕೆಡುತ್ತದೆ. ಫೋಟೋ ನೋಡಿ ಅಳುತ್ತಾರೆ, ಇಲ್ಲವೇ ‘ಚೆನ್ನಾಗಿದೆ’ ಅಂತ ಒಯ್ಯುತ್ತಾರೆ. ತಿಂಗಳ ಮೇಲೆ ಫೋನ್ ಬರುತ್ತದೆ. ಅವರನ್ನು ಮೊದಲೇ ಕೇಳಬೇಕು, ಅದೂ ಎತ್ತರ, ನಿಲುವು, ಬಟ್ಟೆ ಬಗ್ಗೆ. ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ‘ಅವರು ಎಲ್ಲಿಗೆ ಬರ್ತಿದ್ರು, ಕೈ ಇಡಿ’ ಅನ್ನುತ್ತೇನೆ. ಟೇಪ್ ಹಿಡಿದು ಅಳೆಯುತ್ತೇನೆ. ಒಬ್ಬ ಅಜ್ಜಿ ಅಳತೆ ಕೊಟ್ಟು, ‘ಟೊಪ್ಪಿಗಿ ಇಲ್ಲದೆ ಅವರು ಹೊರಗ ಬರತಿರಲಿಲ್ಲ’ ಅಂದಳು. ಮಕ್ಕಳು ಯಾರೂ ಹೇಳಿರಲಿಲ್ಲ. ಟೋಪಿ ಹಾಕಿದ ಮೇಲೆ ಹಣೆಯ ಅರ್ಧ ತಾಪತ್ರಯವೂ ಮುಚ್ಚಿಹೋಯಿತು.

ಈಗ ಫೋನಿನ ಎಐ ಆ್ಯಪ್‌ನಲ್ಲಿ ಎರಡು ನಿಮಿಷಕ್ಕೆ ಪುಕ್ಕಟೆ ಮಾಡಿಕೊಂಡು ಬರುವವರಿದ್ದಾರೆ. ಅದನ್ನೂ ಬೆಂಚಿನ ಮೇಲೆ ಕೂತವರಿಗೆ ಕೊಟ್ಟು ನೋಡಿದೆ. ನಿಜ ಹೇಳಬೇಕು, ನನ್ನದಕ್ಕಿಂತ ಚೆನ್ನಾಗಿ ಪಾಸಾಯಿತು. ಬೆಳಕು, ನೆರಳು ಎಲ್ಲ ಸರಿ. ಮನೆಗೆ ಒಯ್ದಾಗ ತೀರಿಕೊಂಡವರ ತಂಗಿಯೇ ‘ಇದು ಅಣ್ಣ ಅಲ್ಲ’ ಅಂದಳಂತೆ. ಆ್ಯಪ್ ಮುಖವನ್ನೇ ಹೊಸದಾಗಿ ಬರೆದಿತ್ತು. ಅದಕ್ಕೇ ಎರಡೂ ಪರೀಕ್ಷೆ ಬೇಕು, ತೀರಿಕೊಂಡವರ ಗುರುತಿಲ್ಲದವರದ್ದೂ ಗುರುತಿರುವವರದ್ದೂ. ಬಟ್ಟೆ, ಹಿನ್ನೆಲೆಗೆ ಜನರೇಟಿವ್ ಫಿಲ್ (ಖಾಲಿ ಜಾಗವನ್ನು ಎಐ ತಾನೇ ಬರೆದು ತುಂಬುವುದು) ನಾನೂ ಬಳಸುತ್ತೇನೆ, ಮುಖಕ್ಕೆ ಮುಟ್ಟಿಸುವುದಿಲ್ಲ.

ಒಂದು ಕೆಲಸಕ್ಕೆ ಟೆಸ್ಟ್ ಪ್ರಿಂಟಿಗೆ ನೂರೋ ನೂರೈವತ್ತೋ ಖರ್ಚಾಗುತ್ತದೆ. ಮುಂಚೆ ಐನೂರು ತಗೊಳ್ಳುತ್ತಿದ್ದೆ, ಈಗ ಎರಡೂವರೆ ಸಾವಿರ, ಫ್ರೇಮ್ ಬೇರೆ. ಚೌಕಾಸಿ ಮಾಡುವವರು ಮಾಡುತ್ತಾರೆ, ಆದರೆ ಫ್ರೇಮ್ ವಾಪಸ್ ಬಂದು ಬಹಳ ದಿನ ಆಯಿತು. ಪ್ರಿಂಟ್ ಮ್ಯಾಟ್ ಪೇಪರಿನಲ್ಲೇ ಹಾಕಿಸುತ್ತೇನೆ. ಗ್ಲಾಸಿ ಬೇಕು ಅಂತ ಹಟ ಹಿಡಿದರೆ ಮುನ್ನೂರು ಜಾಸ್ತಿ ಹೇಳುತ್ತೇನೆ, ತಾವಾಗೇ ಮ್ಯಾಟ್‌ಗೆ ಬರುತ್ತಾರೆ.