ನೆಲಬೇವಿಗೆ ಜಿಬ್ಬರೆಲಿಕ್ ಆಮ್ಲ: ನನ್ನ ಅನುಭವ

ಪಾಂಡವಪುರದ ಬಳಿ, ನಾಲೆಯ ನೀರು ಸರಿಯಾಗಿ ಹತ್ತದ ಅರ್ಧ ಎಕರೆಯಲ್ಲಿ ನಾನು ನೆಲಬೇವು ಎಂಬ ಕಹಿಯಾದ ಔಷಧಿ ಗಿಡ ಬೆಳೆಯುತ್ತೇನೆ. ಒಣಗಿದ ಗಿಡವನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ, ಗಿಡ ಎತ್ತರವಾದಷ್ಟೂ ಲಾಭವೆಂದು ನಂಬಿ, ಗಿಡವನ್ನು ಉದ್ದ ಬೆಳೆಸುವ ಹಾರ್ಮೋನಾದ ಜಿಬ್ಬರೆಲಿಕ್ ಆಮ್ಲವನ್ನು ಸಿಂಪಡಿಸಿ ನೋಡಲು ಹೊರಟೆ.

ಈ ಹಾರ್ಮೋನು ಮೊದಲು ಗುರುತಿಗೆ ಬಂದದ್ದೇ ಭತ್ತದ ರೋಗವೊಂದರಿಂದ. ಶಿಲೀಂಧ್ರ ತಗುಲಿದ ಪೈರು ಮಿಕ್ಕವನ್ನು ಮೀರಿ ಬಡಕಲಾಗಿ ಉದ್ದ ಬೆಳೆಯುವುದಕ್ಕೆ ಆ ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿದರು. ಅಂಥ ಜಳ್ಳು ಪೈರನ್ನು ಗದ್ದೆಯಿಂದ ಕಿತ್ತೆಸೆದಿದ್ದ ನಾನು ಎತ್ತರವೇ ಫಸಲಲ್ಲವೆಂಬುದನ್ನು ಆಗಲೇ ಗ್ರಹಿಸಬೇಕಿತ್ತು.

ಮೊದಲ ಸಲ ಪುಡಿಯನ್ನು ನೇರವಾಗಿ ನೀರಿಗೆ ಹಾಕಿದೆ. ಅದು ಕರಗದೆ ತಳದಲ್ಲಿ ಕುಳಿತು ಅಷ್ಟೂ ವ್ಯರ್ಥವಾಯಿತು. ಅದನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿಯೇ ನೀರಿಗೆ ಸೇರಿಸಬೇಕು. ಒಂದು ಗ್ರಾಂ ಪುಡಿಗೆ 20 ಲೀಟರ್ ನೀರಾದರೆ 50 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 50 ಭಾಗ ಪುಡಿ), 10 ಲೀಟರಾದರೆ 100 ಪಿಪಿಎಂ. ಎರಡು ಪಾತಿಗಳಿಗೆ ಇವನ್ನು ಕೊಟ್ಟು, ಮೂರನೆಯದಕ್ಕೆ ಸ್ಪಿರಿಟ್ ಬೆರೆಸಿದ ಬರೀ ನೀರನ್ನು ಸಿಂಪಡಿಸಿದೆ. ಇಲ್ಲದಿದ್ದರೆ ಬದಲಾವಣೆ ಯಾವುದರಿಂದ ಆಯಿತೆಂದು ತಿಳಿಯುತ್ತಿರಲಿಲ್ಲ.

ಎರಡು ವಾರಗಳಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಣ್ಣಿಗೆ ಕಾಣುವಷ್ಟು ಹಿಗ್ಗಿತು. 100 ಪಿಪಿಎಂ ಪಾತಿಯ ಗಿಡಗಳಂತೂ ಎಲೆ ತಿಳಿಹಸಿರಾಗಿ, ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಪಕ್ಕಕ್ಕೆ ಮಲಗಿದ್ದವು. ಕೊಯ್ದು ನೆರಳಿನಲ್ಲಿ ಒಣಗಿಸಿ, ಎಲೆಯನ್ನೂ ಕಡ್ಡಿಯನ್ನೂ ಬೇರೆಬೇರೆಯಾಗಿ ತೂಗಿದಾಗ, ಹೆಚ್ಚಿದ ತೂಕದ ಬಹುಪಾಲು ಕಡ್ಡಿಯದೇ ಆಗಿತ್ತು. ನೆಲಬೇವಿನ ಕಹಿಗೆ ಮುಖ್ಯ ಕಾರಣವಾದ ಆಂಡ್ರೊಗ್ರಾಫೊಲೈಡ್ ಹೇರಳವಾಗಿರುವುದು ಎಲೆಯಲ್ಲಿ.

ಮೂರೂ ಪಾತಿಗಳ ಎಲೆಯನ್ನು ಸಮತೂಕದಲ್ಲಿ, ಸಮಪ್ರಮಾಣದ ನೀರಿನಲ್ಲಿ ಕುದಿಸಿ ಸೋಸಿ, ಕಡ್ಡಿಯ ಕಷಾಯವನ್ನೂ ಪಕ್ಕದಲ್ಲಿಟ್ಟು, ಯಾವ ಲೋಟ ಯಾವುದೆಂದು ಹೇಳದೆ ಅವ್ವನಿಗೆ ಕೊಟ್ಟೆ. ಒಂದೊಂದನ್ನೂ ನಾಲಿಗೆಗೆ ತಾಗಿಸಿ, ನಡುವೆ ಬಾಯಿ ಮುಕ್ಕಳಿಸಿ, "ಈ ಮೂರೂ ಒಂದೇ ಕಹಿ ಕಣಪ್ಪ, ಇದೊಂದು ಮಾತ್ರ ಸಪ್ಪೆ" ಎಂದು ಅವ್ವ ತೋರಿಸಿದ್ದು ಕಡ್ಡಿಯ ಲೋಟವನ್ನು. ಪ್ರಯೋಗಾಲಯದ ನಿಖರತೆ ನಾಲಿಗೆಗಿಲ್ಲ. ಆದರೂ ಎಲೆಯ ಕಹಿ ಎದ್ದು ಕಾಣುವಷ್ಟು ಹೆಚ್ಚಿಲ್ಲವೆಂಬುದು ನನಗೆ ಖಚಿತವಾಯಿತು. ಗಿಡದೊಳಗೆ ಜಿಬ್ಬರೆಲಿನ್ನೂ (ಜಿಬ್ಬರೆಲಿಕ್ ಆಮ್ಲ ಸೇರಿದ ಹಾರ್ಮೋನುಗಳ ಗುಂಪು) ಆಂಡ್ರೊಗ್ರಾಫೊಲೈಡೂ ಒಂದೇ ಮೂಲದ್ರವ್ಯದಿಂದ ಕವಲೊಡೆದು ತಯಾರಾಗುತ್ತವೆ. ಹಾಗಿರುವಾಗ ಒಂದನ್ನು ಹೊರಗಿನಿಂದ ಸುರಿದರೆ ಇನ್ನೊಂದೂ ತಾನಾಗಿ ಹೆಚ್ಚೀತೆಂದು ನಾನು ಎಣಿಸಿದ್ದಕ್ಕೆ ಆಧಾರವಿರಲಿಲ್ಲ.

ಈಗ ಈ ಆಮ್ಲವನ್ನು ಬಿತ್ತನೆಗೆ ಮುಂಚೆ ಬೀಜ ನೆನೆಸಲು ಮಾತ್ರ ಬಳಸುತ್ತೇನೆ. ನೆಲಬೇವಿನ ಬೀಜಕ್ಕೆ ಸುಪ್ತಾವಸ್ಥೆಯಿದ್ದು, ಹಾಗೆಯೇ ಚೆಲ್ಲಿದರೆ ಬಿಡಿಬಿಡಿಯಾಗಿ ಹುಟ್ಟುತ್ತದೆ. ಧಾನ್ಯಗಳಲ್ಲಿ ಮೊಳಕೆಯೊಡೆಯುವಾಗ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ಎಬ್ಬಿಸುವುದು ಜಿಬ್ಬರೆಲಿನ್ನೇ. ಮೊಳಕೆ ಕಟ್ಟಿದ ರಾಗಿಯ ಸಿಹಿಯ ಹಿಂದೆ ಇರುವುದೂ ಪಿಷ್ಟ ಸಕ್ಕರೆಯಾಗುವ ಈ ಕ್ರಿಯೆಯೇ. ಒಂದು ರಾತ್ರಿ ನೆನೆಸಿ, ಬೂದಿಯಲ್ಲಿ ಹೊರಳಿಸಿ ಚೆಲ್ಲಿದ ಒಟ್ಟಲಿನಲ್ಲಿ ಈ ವರ್ಷ ಸಸಿಗಳು ಒಂದೇ ಸಮನೆ ಎದ್ದಿವೆ.