ಕಾರವಾರದ ಬೈತಖೋಲ ಬಂದರಿನಲ್ಲಿ ಪಿವಿಟಿ: ನನ್ನ ಎಂ.ಎಸ್ಸಿ. ಡಿಸರ್ಟೇಷನ್ ಅನುಭವ

ಪಿವಿಟಿ ಅಂದರೆ ಸೈಕೋಮೋಟರ್ ವಿಜಿಲೆನ್ಸ್ ಟಾಸ್ಕ್: 10 ನಿಮಿಷ ಸ್ಕ್ರೀನ್ ನೋಡ್ತಾ, ಅಲ್ಲಿ ಗುರುತು ಕಂಡ ಕೂಡಲೇ ಗುಂಡಿ ಒತ್ತಬೇಕು, ಎಷ್ಟು ಬೇಗ ಒತ್ತಿದರು (ರಿಯಾಕ್ಷನ್ ಟೈಮ್) ಅನ್ನೋದೇ ಅಳತೆ. ಈ ರಿಯಾಕ್ಷನ್ ಟೈಮ್ ಅಳೆಯೋ ಕೆಲಸ ಲ್ಯಾಬ್ ಬಿಟ್ಟು ಹೊರಗೆ ಆಗಲ್ಲ ಅಂತ ಕ್ಲಾಸಿನಲ್ಲಿ ಎಲ್ಲರೂ ಹೇಳಿದ್ದರು. ಗೈಡ್ ಅಂತೂ "ಮೀನುಗಾರರು 10 ನಿಮಿಷ ಸ್ಕ್ರೀನ್ ನೋಡ್ತಾ ಕೂರ್ತಾರಾ?" ಅಂತ ನಕ್ಕರು. ಕೂತರು. ವೈವಾನೂ ಮುಗೀತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ರಾತ್ರಿಯಿಡೀ ಬಲೆ ಎಳೆದು ಬಂದವರ ಗಮನ ಎಷ್ಟು ತಪ್ಪುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಅಲ್ವಾ? ಆಗ ರಾತ್ರಿ ಎಲ್ಲರೂ ಮನೆಯಲ್ಲೇ ಮಲಗಿರುತ್ತಾರೆ. ಅದೇ ಬೇಸ್‌ಲೈನ್, ಅಂದರೆ ಹೋಲಿಸೋಕೆ ಮೊದಲ ಅಳತೆ. ಆಗಸ್ಟ್‌ನಲ್ಲಿ ದೋಣಿ ದಡಕ್ಕೆ ಬಂದ ಬೆಳಿಗ್ಗೆ ಅದೇ ಜನಕ್ಕೆ ಮತ್ತೆ ಪಿವಿಟಿ. ಇದರಲ್ಲಿ ಅಭ್ಯಾಸದಿಂದ ಸ್ಕೋರ್ ಜಾಸ್ತಿ ಬದಲಾಗಲ್ಲ, ಓದು ಬರಹವೂ ಬೇಡ. ಬೇಸ್‌ಲೈನನ್ನೂ ಬೆಳಗಿನ ಹೊತ್ತಲ್ಲೇ ತಗೊಳ್ಳಿ, ಇಲ್ಲದಿದ್ದರೆ ವೈವಾದಲ್ಲಿ ಸರ್ಕೇಡಿಯನ್ ರಿದಮ್ (ದಿನದ ಹೊತ್ತಿಗೆ ತಕ್ಕಂತೆ ಮೈಯ ಚುರುಕು ಏರಿಳಿಯೋದು) ಅಂತ ಹಿಡಿದುಕೊಳ್ಳುತ್ತಾರೆ.

ಮೊದಲು ಕೈಕೊಟ್ಟಿದ್ದು ಬ್ಲೂಟೂತ್ ಕೀಬೋರ್ಡ್. ಪರೀಕ್ಷೆ ನಡೆಸೋ ಸಾಫ್ಟ್‌ವೇರ್ ಸೈಕೋಪೈಯ ಸ್ಕ್ರಿಪ್ಟ್ ಸರಿ ಇತ್ತು, ಆದರೂ ಒಬ್ಬನೇ ಮನುಷ್ಯನ ಟೈಮು ಸಿಕ್ಕಾಪಟ್ಟೆ ಏರಿಳಿಯುತ್ತಿತ್ತು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ಬೆರಳು ಮತ್ತು ಸ್ಕ್ರೀನ್ ಎರಡನ್ನೂ ಹಿಡಿದು ಎಣಿಸಿದೆ. ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್. ಬೆರಳು ಒತ್ತಿದ್ದು ಸ್ಕ್ರೀನಿಗೆ ಮುಟ್ಟೋಕೆ ಒಮ್ಮೆ ಒಂದು ತಡ, ಇನ್ನೊಮ್ಮೆ ಇನ್ನೊಂದು. ತಡ ಒಂದೇ ಸಮ ಇದ್ದಿದ್ದರೆ ಕಳೆದುಬಿಡಬಹುದಿತ್ತು! ಆ ಡೇಟಾ ಎಲ್ಲಾ ಕಸಕ್ಕೆ ಹೋಯಿತು. ಆಮೇಲೆ ವೈರ್ ಇರೋ ಕೀಬೋರ್ಡ್ ತಂದೆ, ನಾನೂರು ಚಿಲ್ಲರೆ.

ಮಳೆ, ಕರೆಂಟ್ ಹೋಗೋದು, ಒದ್ದೆಯಾದ ಒಪ್ಪಿಗೆ ಪತ್ರಗಳು, ಇದೆಲ್ಲ ಕಾರವಾರದಲ್ಲಿ ಇದ್ದಿದ್ದೇ. ದೊಡ್ಡ ತಲೆನೋವು ಆಗಸ್ಟ್‌ನ ಬೆಳಿಗ್ಗೆಗಳು. ಮೀನು ಇಳಿಸಿ, ಹರಾಜು ಮುಗಿಯೋ ತನಕ ಯಾರೂ ತಿರುಗಿ ನೋಡಲ್ಲ, ಮುಗಿದ ಮೇಲೆ ಮಲಗೋಕೆ ಓಡುತ್ತಾರೆ. "ಗುಂಡಿ ಒತ್ತೋಕೂ ಎಂ.ಎಸ್ಸಿ. ಓದಬೇಕಾ ತಂಗಿ?" ಅಂತ ಒಬ್ಬ ತಾಂಡೇಲರು (ದೋಣಿ ನಡೆಸೋ ಮುಖ್ಯಸ್ಥರು) ಕೇಳಿದರು. ಅವರನ್ನೇ ಮೊದಲು ಕೂರಿಸಿದೆ, ಹಿಂದೆಯೇ ಅವರ ದೋಣಿಯವರೆಲ್ಲ ಬಂದರು. 10 ನಿಮಿಷ ಯಾರೂ ಎದ್ದು ಹೋಗದ ಹಾಗೆ ಮಾಡಿದ ಉಪಾಯ ಬೇರೆ ಇದೆ, ಪೇಪರ್ ಬರೋವರೆಗೆ ಅದನ್ನು ಹೇಳಲ್ಲ.

ಕೊನೆಗೆ ಎರಡೂ ಸಲ ಸಿಕ್ಕವರು ಮೂವತ್ತರ ಆಸುಪಾಸು. ಸರಾಸರಿ ಟೈಮು ಸ್ವಲ್ಪವೇ ಹೆಚ್ಚಿತು, ಆದರೆ 500 ಮಿಲಿಸೆಕೆಂಡ್ ದಾಟಿದ ಲ್ಯಾಪ್ಸ್‌ಗಳು, ಅಂದರೆ ಗಮನ ತಪ್ಪಿದ ಸಲಗಳು, ಹತ್ತಿರ ಹತ್ತಿರ ಎರಡು ಪಟ್ಟು. ಬರೀ ಸರಾಸರಿ ನೋಡಿದ್ದರೆ ಏನೂ ಕಾಣುತ್ತಿರಲಿಲ್ಲ. ಖರ್ಚು ಎಂಟೊಂಬತ್ತು ಸಾವಿರ, ಅದರಲ್ಲಿ ಜಾಸ್ತಿ ಹೋಗಿದ್ದು ಬಂದವರಿಗೆ ಕೊಟ್ಟ ನೂರು ನೂರು ರೂಪಾಯಿಗೆ. ಸಾಫ್ಟ್‌ವೇರ್‌ಗೆ ಸೊನ್ನೆ, ಅಂಕಿಅಂಶದ ಲೆಕ್ಕಕ್ಕೆ ಬಳಸಿದ ಜಾಮೋವಿಯೂ ಪುಕ್ಕಟೆ.

ಮಧ್ಯೆ ಸುಮ್ನೆ ಡಿಜಿಟ್ ಸ್ಪ್ಯಾನನ್ನು (ಕೇಳಿಸಿಕೊಂಡ ಅಂಕಿಗಳನ್ನು ಎಷ್ಟರವರೆಗೆ ನೆನಪಿಟ್ಟು ಹೇಳುತ್ತಾರೆ ಅನ್ನೋ ಪರೀಕ್ಷೆ) ಕೊಂಕಣಿಯಲ್ಲೂ ಕನ್ನಡದಲ್ಲೂ ಮಾಡಿ ನೋಡಿದೆ. ಕೊಂಕಣಿ ಅಂಕಿಗಳು ಬಾಯಲ್ಲಿ ಬೇಗ ಮುಗಿಯುತ್ತವಲ್ಲ, ಅದಕ್ಕೆ ಹೆಚ್ಚು ನೆನಪಿರಬಹುದಾ ಅಂತ. ಕೊಂಕಣಿಯಲ್ಲಿ ಅರ್ಧ ಅಂಕಿಯಷ್ಟು ಮುಂದೆ ಬಂತು, ಆದರೆ ಅವರೆಲ್ಲ ಮನೆಯಲ್ಲಿ ಕೊಂಕಣಿಯವರೇ, ಕಾರಣ ಯಾವುದು ಅಂತ ಬಿಡಿಸೋಕಾಗಲ್ಲ. ಡಿಸರ್ಟೇಷನ್‌ಗೆ ಸೇರಿಸಲಿಲ್ಲ.