ಬಿಸಿಬೇಳೆಬಾತಿಗೆ ಹುಣಸೆರಸ ಯಾವಾಗ ಹಾಕಬೇಕು?

ಬಿಸಿಬೇಳೆಬಾತಿಗೆ 1 ಲೋಟ ಅಕ್ಕಿ, 1 ಲೋಟ ತೊಗರಿಬೇಳೆ, ಹೆಚ್ಚಿದ ತರಕಾರಿ ಮತ್ತು ಚಿಟಿಕೆ ಅರಿಶಿನವನ್ನು ಸುಮಾರು 6 ಲೋಟ ನೀರಿನೊಂದಿಗೆ ಕುಕ್ಕರಿನಲ್ಲಿ, ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಮೆತ್ತಗೆ ಬೇಯಿಸಿಕೊಳ್ಳಬೇಕು. ಹುಣಸೆರಸವನ್ನು ಮಾತ್ರ ಆರಂಭದಲ್ಲೇ ಸುರಿಯಬಾರದು. ಹುಳಿ ಸೇರಿದರೆ ಬೇಳೆ ಬೇಗ ಬೇಯುವುದಿಲ್ಲ, ಎಷ್ಟು ಕೂಗಿಸಿದರೂ ಹಲ್ಲಿಗೆ ಸಿಗುತ್ತಲೇ ಇರುತ್ತದೆ. (ನಾನು ಇದನ್ನು ಕಲಿತದ್ದು ಮನೆ ತುಂಬ ನೆಂಟರಿದ್ದ ದಿನವೇ.) ಬೇಳೆ ಬೆಂದ ಬಳಿಕ ಹುಣಸೆರಸ, ಉಪ್ಪು ಮತ್ತು ಬಿಸಿಬೇಳೆಬಾತ್ ಪುಡಿಯನ್ನು ಬೆರೆಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ, ಹುಳಿಯ ಹಸಿವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಆರಿದಂತೆ ಬಾತ್ ಗಟ್ಟಿಯಾಗುವುದರಿಂದ, ಇಳಿಸುವಾಗ ಅದು ಸೌಟಿನಿಂದ ಜಾರಿ ಬೀಳುವಷ್ಟು ತೆಳುವಾಗಿಯೇ ಇರಲಿ. ತುಪ್ಪದಲ್ಲಿ ಸಾಸಿವೆ, ಕರಿಬೇವು, ಗೋಡಂಬಿಯ ಒಗ್ಗರಣೆಯನ್ನು ಬಡಿಸುವ ಮುನ್ನ ಹಾಕಿದರೆ ಘಮ ಉಳಿಯುತ್ತದೆ.